ಅಂಟುರೋಗ ಹರಡಿದಾಗ ಪುಟ್ಟ ಮಕ್ಕಳಿಗೆ ಏನು ಹೇಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಸುಮಾರು 3ರಿಂದ 8 ವರ್ಷದ ಮಕ್ಕಳಿರುವ ಮನೆಗಳಿಗೆ. ರೋಗ ಯಾವುದೇ ಇರಲಿ, ಫ್ಲೂ, ದಡಾರ, ಕೋವಿಡ್ ಅಥವಾ ಇನ್ನೂ ಹೆಸರೇ ಇಡದ ಹೊಸದೊಂದು, ಮಕ್ಕಳು ಕೇಳುವುದು ಹೆಚ್ಚುಕಮ್ಮಿ ಒಂದೇ. ಬಾಯಲ್ಲಿ ಏನೇ ಕೇಳಿದರೂ ಒಳಗೆ ಮೂರು ಚಿಂತೆ ಕೊರೆಯುತ್ತಿರುತ್ತವೆ. ಇದು ನನ್ನಿಂದ ಆಯ್ತಾ? ನನಗೂ ಬರುತ್ತಾ? ನನ್ನನ್ನು ಯಾರು ನೋಡಿಕೊಳ್ಳುತ್ತಾರೆ? ಕೆಳಗಿನ ಉತ್ತರಗಳು ಎಲ್ಲೆಲ್ಲಿ ಸುತ್ತಿದರೂ ಈ ಮೂರರ ಹತ್ತಿರವೇ ಬರುತ್ತವೆ.

ಇಷ್ಟು ಚಿಕ್ಕವರಿಗೆ ಹೇಳಲೇಬೇಕಾ? ಏನೂ ಗೊತ್ತಾಗದ ಹಾಗೆ ಇಟ್ಟರೆ ಒಳ್ಳೆಯದಲ್ವಾ?

ಅವರಿಗೆ ಆಗಲೇ ಗೊತ್ತಾಗಿರುತ್ತದೆ, ನಿಮಗೆ ಹೇಳಿರುವುದಿಲ್ಲ ಅಷ್ಟೇ. ನೀವು ಪಿಸುಗುಟ್ಟಿದ್ದು, ಫೋನ್ ಬಂದ ಕೂಡಲೇ ಎದ್ದು ಹೋಗಿ ಬಾಗಿಲು ಎಳೆದುಕೊಂಡದ್ದು, ಇವತ್ತು ಆಟಕ್ಕೆ ಹೋಗಬೇಡ ಅಂದದ್ದು, ಇದನ್ನೆಲ್ಲ ಸೇರಿಸಿ ಮಗು ತನ್ನದೇ ಒಂದು ಕಥೆ ಕಟ್ಟಿಕೊಂಡಿರುತ್ತದೆ. ಆ ಕಥೆ ನಿಜಕ್ಕಿಂತ ಭಯಂಕರವಾಗಿರುವುದೇ ಜಾಸ್ತಿ.

2020ರಲ್ಲಿ ನನ್ನ ಮಗಳಿಗೆ 4 ವರ್ಷ. ಲಾಕ್‌ಡೌನ್ ಅಂದರೆ ಯಾರೋ ಬಂದು ಹೊರಗಿನಿಂದ ಮನೆಗೆ ಬೀಗ ಹಾಕಿಕೊಂಡು ಹೋಗುತ್ತಾರೆ ಅಂತ ಅವಳು ತಿಳಿದುಕೊಂಡಿದ್ದಳು. ರಾತ್ರಿ ಎದ್ದೆದ್ದು ಬಾಗಿಲ ಚಿಲಕ ನೋಡಿ ಬರುತ್ತಿದ್ದಳು. ನಿದ್ದೆಗಣ್ಣಲ್ಲಿ ಓಡಾಡುತ್ತಾಳೆ ಅಂತ ನಾವು ಅಂದುಕೊಂಡೆವು. ನಿಜ ವಿಷಯ ಹೊರಬರಲು ಒಂದು ವಾರ ಬೇಕಾಯಿತು. ಮಗುವಿಗೆ ಏನೂ ಹೇಳಬಾರದು ಅಂತ ತೀರ್ಮಾನ ಮಾಡಿದ್ದು ನಾವೇ.

ಅದೇ ವರ್ಷ ಮಾರ್ಚ್ 16ರಂದು ನಾರ್ವೆಯ ಆಗಿನ ಪ್ರಧಾನಿ ಎರ್ನಾ ಸೋಲ್ಬರ್ಗ್ ಮಕ್ಕಳಿಗಾಗಿಯೇ ಒಂದು ಪತ್ರಿಕಾಗೋಷ್ಠಿ ನಡೆಸಿದರು. ನಾನು ಹುಟ್ಟುಹಬ್ಬ ಮಾಡಿಕೊಳ್ಳಬಹುದಾ, ಲಸಿಕೆ ಮಾಡಲು ಎಷ್ಟು ದಿನ ಬೇಕು, ನಾನೇನು ಸಹಾಯ ಮಾಡಲಿ ಅಂತೆಲ್ಲ ಪ್ರಶ್ನೆಗಳು. ಹೆದರಿಕೆ ಆದರೆ ತಪ್ಪಿಲ್ಲ ಅಂತ ಅವರು ಮಕ್ಕಳಿಗೆ ಹೇಳಿದರು. ಒಂದು ದೇಶ ನಡೆಸುವವರಿಗೆ ಅಷ್ಟು ಪುರುಸೊತ್ತು ಸಿಕ್ಕಿತು ಅಂದ ಮೇಲೆ ನಮಗೂ ಹತ್ತು ನಿಮಿಷ ಸಿಗಬೇಕು.

ಸರಿ, ಮಾತು ಎಲ್ಲಿಂದ ಶುರು ಮಾಡಲಿ?

ಮೊದಲು ಕೇಳಿ, ಆಮೇಲೆ ಹೇಳಿ. "ಎಲ್ಲರೂ ಒಂದು ಜ್ವರದ ವಿಷಯ ಮಾತಾಡ್ತಿದ್ದಾರಲ್ಲ, ನಿಂಗೇನು ಗೊತ್ತು ಅದು?" ಅಷ್ಟು ಸಾಕು. ಮಗು ಹೇಳಿದ್ದರಲ್ಲಿ ತಪ್ಪಿದ್ದರೆ ಅದನ್ನು ಮಾತ್ರ ತಿದ್ದಿ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಎರಡು ವಾಕ್ಯ ಹೇಳಿ ಸುಮ್ಮನಾಗಿ. ಇನ್ನೂ ಬೇಕಿದ್ದರೆ ಅದೇ ಕೇಳುತ್ತದೆ. ಬೇಡದಿದ್ದರೆ ಆಟಿಕೆ ಎತ್ತಿಕೊಂಡು ಹೋಗುತ್ತದೆ, ಅದನ್ನು ಅಸಡ್ಡೆ ಅಂತ ತಿಳಿಯಬೇಡಿ.

ಎದುರಾಬದುರಾ ಕೂರಿಸಿ ಗಂಭೀರವಾಗಿ ಶುರು ಮಾಡಿದರೆ ಬಹಳ ಮಕ್ಕಳು ಬಾಯಿ ಬಿಡುವುದಿಲ್ಲ. ಸ್ನಾನ ಮಾಡಿಸುವಾಗ, ಚಿತ್ರ ಬಿಡಿಸುವಾಗ, ನಡೆದುಕೊಂಡು ಹೋಗುವಾಗ ಮಾತು ತಾನಾಗಿ ಬರುತ್ತದೆ. ಮಲಗುವ ಹೊತ್ತಿಗೆ ಮಾತ್ರ ನೀವಾಗಿ ಎತ್ತಬೇಡಿ. ಮಗುವೇ ಎತ್ತಿದರೆ ಚಿಕ್ಕದಾಗಿ ಉತ್ತರಿಸಿ, "ಉಳಿದದ್ದು ಬೆಳಿಗ್ಗೆ ಮಾತಾಡೋಣ" ಅನ್ನಿ, ಬೆಳಿಗ್ಗೆ ನೆನಪಿಟ್ಟುಕೊಂಡು ಮಾತಾಡಿ. ನೀವು ಮರೆತರೂ ಅವರು ಮರೆಯುವುದಿಲ್ಲ.

ಯಾವ ವಯಸ್ಸಿಗೆ ಎಷ್ಟು ಹೇಳಬೇಕು?

3 ವರ್ಷದ ಆಸುಪಾಸಿನವರು ಮಾತಿಗಿಂತ ನಿಮ್ಮ ಮುಖ, ದನಿ, ಎತ್ತಿಕೊಳ್ಳುವ ರೀತಿ ನೋಡುತ್ತಾರೆ. "ಕೆಲವರಿಗೆ ಕೆಮ್ಮು ಜ್ವರ ಬಂದಿದೆ. ಅದಕ್ಕೆ ನಾವು ಮನೇಲಿ ಇದ್ದೀವಿ. ನಾನು ನಿನ್ನ ಜೊತೆ ಇರ್ತೀನಿ." ಇದಕ್ಕಿಂತ ಹೆಚ್ಚು ಬೇಡ. ಊಟ, ಸ್ನಾನ, ನಿದ್ದೆ ದಿನಾ ಅದೇ ಹೊತ್ತಿಗೆ ನಡೆದರೆ ಅವರಿಗೆ ಅದೇ ಧೈರ್ಯ.

4-5 ವರ್ಷದವರ ಲೋಕವೇ ಬೇರೆ. ಮನಸ್ಸಿನಲ್ಲಿ ಅಂದುಕೊಂಡದ್ದು ನಿಜವಾಗಿ ನಡೆದುಬಿಡುತ್ತದೆ ಅಂತ ಅವರು ನಂಬುತ್ತಾರೆ. ಮಕ್ಕಳು ಹೇಗೆ ಯೋಚಿಸುತ್ತಾರೆ ಅಂತ ಜೀವನವಿಡೀ ನೋಡಿದ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ, 2ರಿಂದ 7 ವರ್ಷದವರೆಗಿನ ಕಾಲವನ್ನೇ ಒಂದು ಘಟ್ಟ ಎಂದು ಗುರುತಿಸಿದ್ದರು. ತಪ್ಪು ಮಾಡಿದ್ದಕ್ಕೇ ಕಾಯಿಲೆ ಬರುತ್ತದೆ ಅನ್ನುವ ಯೋಚನೆ ಈ ವಯಸ್ಸಿನಲ್ಲಿ ಸಾಮಾನ್ಯ. ಇದರ ಬಗ್ಗೆ ಮುಂದೆ ಬೇರೆಯಾಗಿಯೇ ಬರೆದಿದ್ದೇನೆ.

6 ದಾಟಿದ ಮೇಲೆ ಪ್ರಶ್ನೆಗಳು ಹರಿತವಾಗುತ್ತವೆ. ಹೇಗೆ ಹರಡುತ್ತದೆ, ಯಾಕೆ ಅವರಿಗೆ ಬಂತು ಇವರಿಗೆ ಬರಲಿಲ್ಲ, ಯಾರು ಕಂಡುಹಿಡಿದರು. ಇವರಿಗೆ ಸರಿಯಾದ ಮಾಹಿತಿಯೇ ಸಮಾಧಾನ. ಮಸುಕು ಮಸುಕಾಗಿ ಹೇಳಿದರೆ ನೀವು ಏನೋ ಮುಚ್ಚಿಡುತ್ತಿದ್ದೀರಿ ಅಂತ ಸಂಶಯ ಪಡುತ್ತಾರೆ.

ವೈರಸ್ ಅಂದರೆ ಏನು ಅಂತ ಹೇಗೆ ಅರ್ಥ ಮಾಡಿಸುವುದು?

"ಹುಳ" ಅನ್ನಬೇಡಿ. ಮಗು ಹಾಸಿಗೆ ಕೊಡವಿ ಹುಳ ಹುಡುಕಲು ಶುರು ಮಾಡುತ್ತದೆ. "ರಾಕ್ಷಸ" ಅನ್ನುವುದು ಇನ್ನೂ ಕೆಟ್ಟದು. ಕತ್ತಲಾದ ಮೇಲೆ ಆ ರಾಕ್ಷಸನನ್ನು ಓಡಿಸುವ ಕೆಲಸ ನಿಮ್ಮದೇ ಆಗುತ್ತದೆ. "ತುಂಬಾ ತುಂಬಾ ಚಿಕ್ಕದು, ಕಣ್ಣಿಗೆ ಕಾಣಲ್ಲ. ಅದಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ, ತಾನಾಗಿ ನಡೆದು ಬರೋಕೆ ಆಗಲ್ಲ. ಕೆಮ್ಮಿದಾಗ, ಸೀನಿದಾಗ, ಮುಟ್ಟಿದಾಗ ಒಬ್ಬರಿಂದ ಒಬ್ಬರಿಗೆ ಹೋಗುತ್ತೆ" ಅಂದರೆ ಸಾಕು. ಕಾಲಿಲ್ಲ ಅನ್ನುವ ಮಾತು ಕೇಳಿ ಬಹಳ ಮಕ್ಕಳ ಮುಖ ಸಡಿಲವಾಗುವುದನ್ನು ನೋಡಿದ್ದೇನೆ. ಅಟ್ಟಿಸಿಕೊಂಡು ಬರುವುದಿಲ್ಲ ಅಂತ ಗೊತ್ತಾಯಿತಲ್ಲ!

ದೊಡ್ಡ ಮಕ್ಕಳಿಗೆ ಅಳತೆ ಇಷ್ಟ. ತಲೆಯಿಂದ ಒಂದು ಕೂದಲು ಕೀಳಿ. ಇದರ ಅಗಲದಲ್ಲಿ ಕೊರೊನಾ ವೈರಸ್‌ಗಳನ್ನು ಸಾಲಾಗಿ ನಿಲ್ಲಿಸಿದರೆ ನೂರಾರು ಹಿಡಿಸುತ್ತವೆ ಅಂತ ಹೇಳಿ.

ರೋಗ ಹರಡುವ ರೀತಿ ಎಲ್ಲಕ್ಕೂ ಒಂದೇ ಅಲ್ಲ, ಅದನ್ನು ಮೊದಲು ನೀವು ತಿಳಿದುಕೊಳ್ಳಿ. ದಡಾರದ ವೈರಸ್ ರೋಗಿ ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ 2 ಗಂಟೆವರೆಗೆ ಉಳಿಯಬಲ್ಲದು. ಸೊಳ್ಳೆಯಿಂದ ಬರುವ ಡೆಂಗಿಗೆ ಗೆಳೆಯನನ್ನು ಮುಟ್ಟದೆ ಇದ್ದು ಏನೂ ಉಪಯೋಗವಿಲ್ಲ. ಕಾಲರಾ ಬರುವುದು ಕೊಳಕಾದ ನೀರು, ಆಹಾರದಿಂದ. ತಪ್ಪು ರೋಗಕ್ಕೆ ತಪ್ಪು ಎಚ್ಚರಿಕೆ ಕೊಟ್ಟರೆ ಮಗು ಸುಮ್ನೆ ಜನರಿಗೆ ಹೆದರುವುದನ್ನು ಕಲಿಯುತ್ತದೆ.

ಯಾವ ಪದಗಳಲ್ಲಿ ಜಾಗ್ರತೆ ಬೇಕು?

"ಪಾಸಿಟಿವ್" ಮೊದಲನೆಯದು. ಪಾಸಿಟಿವ್ ಅಂದರೆ ಒಳ್ಳೆಯದು ಅಂತ ನಾವೇ ಹೇಳಿಕೊಟ್ಟಿರುತ್ತೇವೆ. "ಅಜ್ಜ ಪಾಸಿಟಿವ್" ಅಂತ ಕೇಳಿ ಚಪ್ಪಾಳೆ ತಟ್ಟಿದ ಮಗುವಿಗೆ ಎಲ್ಲರೂ ಯಾಕೆ ಗದರಿದರು ಅಂತ ಗೊತ್ತಾಗಬೇಕು ಹೇಗೆ? "ಪರೀಕ್ಷೆ" ಇನ್ನೊಂದು. ರಕ್ತ ಪರೀಕ್ಷೆಯಲ್ಲಿ ಫೇಲ್ ಆಗುವುದಿಲ್ಲ ಅಂತ ಹೇಳಬೇಕಾಗುತ್ತದೆ.

ನನಗೆ ಹಿಡಿಸದ ಇನ್ನೊಂದು ಮಾತು ಯುದ್ಧದ್ದು. ರೋಗದ ವಿರುದ್ಧ ಹೋರಾಟ, ಗೆಲುವು, ಸೋಲು ಅಂತ ದೊಡ್ಡವರ ಬಾಯಲ್ಲಿ ಸಲೀಸಾಗಿ ಬರುತ್ತದೆ. ಆದರೆ ಹತ್ತಿರದವರು ತೀರಿಕೊಂಡರೆ? ಅವರು ಸರಿಯಾಗಿ ಹೋರಾಡಲಿಲ್ಲ ಅಂತ ಅರ್ಥವೇ? ಮಗು ಇದನ್ನು ಕೇಳಿಯೇ ಕೇಳುತ್ತದೆ.

"ನಾನು ಸಾಯ್ತೀನಾ?" ಅಂತ ಕೇಳಿದರೆ ಏನು ಹೇಳಲಿ?

ಮೊದಲು ಬೆಚ್ಚಿಬೀಳಬೇಡಿ. "ಛೆ, ಹಂಗೆಲ್ಲ ಮಾತಾಡಬಾರದು" ಅಂದರೆ ಪ್ರಶ್ನೆ ಹೋಗುವುದಿಲ್ಲ, ಕೇಳುವುದು ಮಾತ್ರ ನಿಲ್ಲುತ್ತದೆ. ಪಕ್ಕದಲ್ಲಿ ಕೂತು, "ಅದು ನಿನ್ನ ತಲೇಲಿ ಬಂತಾ? ಯಾಕೆ ಹಾಗನ್ನಿಸ್ತು?" ಅಂತ ಕೇಳಿ. ಟೀವಿಯಲ್ಲಿ ನೋಡಿರಬಹುದು, ಗೆಳೆಯ ಹೇಳಿರಬಹುದು, ಸುಮ್ಮನೆ ಹೊಟ್ಟೆನೋವಿಗೆ ಹೆದರಿರಬಹುದು.

ಆಮೇಲೆ ರೋಗಕ್ಕೆ ತಕ್ಕ ಉತ್ತರ. ಕೋವಿಡ್‌ನಲ್ಲಿ ಹೆಚ್ಚಿನ ಮಕ್ಕಳಿಗೆ ಕಾಯಿಲೆ ಹಗುರವಾಗಿಯೇ ಇತ್ತು. ಹಾಗಂತ ಅದೇ ಮಾತನ್ನು ದಡಾರಕ್ಕೋ ಫ್ಲೂಗೋ ಅಂಟಿಸಲು ಬರುವುದಿಲ್ಲ. 5 ವರ್ಷದೊಳಗಿನ ಮಕ್ಕಳಿಗೆ ಆ ಎರಡೂ ಜೋರಾಗಬಹುದು. ನಿಮ್ಮ ಡಾಕ್ಟರ್ ಹತ್ತಿರ ಕೇಳಿ ತಿಳಿದುಕೊಂಡು ಮಾತಾಡಿ. "ಈ ಕಾಯಿಲೆ ಬಂದ ಮಕ್ಕಳಲ್ಲಿ ಹೆಚ್ಚಿನವರು ಹುಷಾರಾಗ್ತಾರೆ. ನಿಂಗೆ ಬರಬಾರದು ಅಂತ ನಾವು ಇಷ್ಟೆಲ್ಲ ಮಾಡ್ತಿದ್ದೀವಿ. ಬಂದರೆ ನಾನು ಪಕ್ಕದಲ್ಲೇ ಇರ್ತೀನಿ, ಡಾಕ್ಟರ್ ಔಷಧಿ ಕೊಡ್ತಾರೆ." ಇದರಲ್ಲಿ ಸುಳ್ಳಿಲ್ಲ. "ನಿಂಗೆ ಬರೋದೇ ಇಲ್ಲ" ಅನ್ನುವುದರಲ್ಲಿ ಇದೆ. ನಾಳೆ ಜ್ವರ ಬಂದರೆ ನಿಮ್ಮ ಉಳಿದ ಮಾತುಗಳೂ ಅದರ ಜೊತೆ ಕೊಚ್ಚಿಕೊಂಡು ಹೋಗುತ್ತವೆ.

"ನೀನು ಸತ್ತರೆ ನನ್ನನ್ನು ಯಾರು ನೋಡ್ಕೊಳ್ತಾರೆ?" ಅನ್ನುವ ಪ್ರಶ್ನೆಗೂ ನಿಜವಾದ ಉತ್ತರ ಇಟ್ಟುಕೊಳ್ಳಿ. "ನಾನು ತುಂಬಾ ವರ್ಷ ಇರ್ತೀನಿ ಅಂತ ಅಂದ್ಕೊಂಡಿದ್ದೀನಿ. ನಂಗೆ ಹುಷಾರಿಲ್ಲದಿದ್ದರೆ ಚಿಕ್ಕಮ್ಮ ಬರ್ತಾರೆ." ಹೆಸರು ಹೇಳಿ, ಆ ಚಿಕ್ಕಮ್ಮನನ್ನೂ ಮೊದಲೇ ಒಂದು ಮಾತು ಕೇಳಿರಿ.

ಕಾಯಿಲೆ ತನ್ನಿಂದಲೇ ಬಂತು ಅಂತ ಮಗು ಅಂದುಕೊಂಡಿದೆ. ಹೇಗೆ ಬಿಡಿಸಲಿ?

ಇದು ಬಾಯಿಬಿಟ್ಟು ಬರುವುದು ಅಪರೂಪ. ಜಗಳದಲ್ಲಿ ತಮ್ಮನಿಗೆ "ನಿಂಗೆ ಜ್ವರ ಬರ್ಲಿ" ಅಂದಿರುತ್ತದೆ, ಎರಡು ದಿನ ಬಿಟ್ಟು ತಮ್ಮನಿಗೆ ನಿಜವಾಗಿ ಜ್ವರ ಬರುತ್ತದೆ. ಈಗ ಆ ಮಗುವಿನ ಎದೆಯಲ್ಲಿ ಏನು ನಡೆಯುತ್ತಿದೆ ಅಂತ ಊಹಿಸಿ. ಆದ್ದರಿಂದ ಮಗು ಕೇಳಲಿ ಅಂತ ಕಾಯಬೇಡಿ. ಮನೆಯಲ್ಲಿ ಯಾರಿಗೇ ಕಾಯಿಲೆ ಬಂದರೂ ನೀವಾಗಿಯೇ ಹೇಳಿಬಿಡಿ: "ಇದು ನೀನು ಮಾಡಿದ್ದಲ್ಲ. ನೀನು ಹೇಳಿದ್ದರಿಂದ, ಅಂದುಕೊಂಡಿದ್ದರಿಂದ ಯಾರಿಗೂ ಜ್ವರ ಬರಲ್ಲ. ವೈರಸ್ ಮೈಯೊಳಗೆ ಹೋದರೆ ಮಾತ್ರ ಬರುತ್ತೆ." ಒಂದು ಸಲ ಸಾಲದು.

ನಾವೇ ಈ ತಪ್ಪಿತಸ್ಥ ಭಾವಕ್ಕೆ ಗೊಬ್ಬರ ಹಾಕುತ್ತೇವೆ. "ಹೇಳಿದ ಮಾತು ಕೇಳಲ್ಲ, ಅದಕ್ಕೇ ಜ್ವರ ಬಂತು ನೋಡು." "ಕೈ ತೊಳೀದಿದ್ರೆ ಅಜ್ಜಿಗೆ ನಿನ್ನಿಂದಲೇ ಬರುತ್ತೆ." ಎರಡನೆಯದು ನಿಜವೇ ಇರಬಹುದು, ಆದರೂ 5 ವರ್ಷದ ಹೆಗಲ ಮೇಲೆ ಒಂದು ಜೀವದ ಭಾರ ಹೊರಿಸಬಾರದು. ಅಜ್ಜಿ ನಾಳೆ ಕೆಮ್ಮಿದರೆ ಮಗು ಆ ಮಾತನ್ನು ಹತ್ತು ವರ್ಷ ಹೊತ್ತುಕೊಂಡು ತಿರುಗುತ್ತದೆ. "ಕೈ ತೊಳೆದರೆ ಎಲ್ಲರಿಗೂ ಒಳ್ಳೇದು" ಅಂದರೂ ಕೆಲಸ ಆಗುತ್ತದೆ.

ಹೆದರಿಸದೆ ಕೈ ತೊಳೆಯುವುದನ್ನು ಹೇಗೆ ಕಲಿಸುವುದು?

ಕೈಗೆ ಎಣ್ಣೆ ಹಚ್ಚಿ, ಮೇಲೆ ಮಿನುಗುಪುಡಿ ಉದುರಿಸಿ. ಬರೀ ನೀರಲ್ಲಿ ತೊಳೆಯಲು ಹೇಳಿ. ಹೋಗುವುದಿಲ್ಲ. ಆ ಕೈಯಿಂದ ಬಾಗಿಲು ಮುಟ್ಟಿದರೆ ಬಾಗಿಲಿಗೂ ಮಿನುಗು. ಈಗ ಸೋಪು ಹಚ್ಚಿ 20 ಸೆಕೆಂಡ್ ಉಜ್ಜಲು ಹೇಳಿ. ಬೆರಳ ಸಂದಿ, ಹೆಬ್ಬೆರಳು, ಉಗುರಿನ ಬುಡದಲ್ಲಿ ಕೊನೆಯವರೆಗೂ ಉಳಿದುಕೊಳ್ಳುವುದನ್ನು ಅವರೇ ಕಂಡುಹಿಡಿಯುತ್ತಾರೆ. ಆಮೇಲೆ ಮನೆಯೆಲ್ಲ ಒಂದು ತಿಂಗಳು ಮಿನುಗುತ್ತಿರುತ್ತದೆ, ಅದು ನಿಮ್ಮ ಕರ್ಮ.

ನೀರಿಗೆ ಕಾಳುಮೆಣಸಿನ ಪುಡಿ ಹಾಕಿ ಸೋಪಿನ ಬೆರಳು ಅದ್ದುವ ಆಟವೂ ಇದೆ. ಪುಡಿ ಚದುರಿ ಅಂಚಿಗೆ ಓಡುತ್ತದೆ, ನೋಡಲು ಚೆನ್ನ. ಆದರೆ ಅದು ನೀರಿನ ಮೇಲ್ಮೈ ಎಳೆತ ಕಡಿಮೆಯಾಗಿ ಆಗುವುದು, ರೋಗಾಣು ಸೋಪಿಗೆ ಹೆದರಿ ಓಡುವುದಲ್ಲ. ಬೆರಳು ಅದ್ದಿದರೆ ಸಾಕು ಅಂತ ಮಕ್ಕಳು ತಿಳಿಯುತ್ತಾರೆ. ಅದಕ್ಕೇ ನನಗೆ ಮಿನುಗುಪುಡಿಯೇ ಇಷ್ಟ.

ಯಾಕೆ ಸೋಪು ಅಂತ ಕೇಳುವವರಿಗೆ: ಕೊರೊನಾ, ಫ್ಲೂ ಥರದ ವೈರಸ್‌ಗಳಿಗೆ ಜಿಡ್ಡಿನ ಹೊದಿಕೆ ಇರುತ್ತದೆ. ಸೋಪು ಅದನ್ನು ಹರಿದು ಹಾಕುತ್ತದೆ. ವಾಂತಿ ಭೇದಿ ತರುವ ನೊರೊವೈರಸ್‌ಗೆ ಅಂಥ ಹೊದಿಕೆ ಇಲ್ಲ. ಅದನ್ನು ಉಜ್ಜಿ ಸಡಿಲಿಸಿ ನೀರಿನಲ್ಲಿ ಕೊಚ್ಚಿ ಕಳಿಸಬೇಕು, ಸ್ಯಾನಿಟೈಸರ್ ಅಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸ್ಯಾನಿಟೈಸರ್ ಬಳಸುವುದಾದರೆ ಕನಿಷ್ಠ 60 ಶೇಕಡಾ ಆಲ್ಕೋಹಾಲ್ ಇರಲಿ. ಬಾಟಲಿ ಮಗುವಿನ ಕೈಗೆ ಸಿಗದಿರಲಿ, ಕುಡಿದರೆ ವಿಷ.

ಮಾಸ್ಕ್ ಹಾಕಲು ಒಪ್ಪುವುದಿಲ್ಲ. ಒತ್ತಾಯ ಮಾಡಲೇ?

2 ವರ್ಷದೊಳಗಿನವರಿಗೆ ಹಾಕಲೇಬಾರದು, ಉಸಿರು ಕಟ್ಟಿದರೆ ತಾವಾಗಿ ತೆಗೆಯಲು ಬರುವುದಿಲ್ಲ. 5 ವರ್ಷದವರೆಗಿನ ಮಕ್ಕಳಿಗೆ ಕಡ್ಡಾಯ ಮಾಡಬೇಕಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರಲ್ಲಿ ಹೇಳಿದ್ದವು. ಅದಕ್ಕಿಂತ ದೊಡ್ಡವರಿಗೆ ಬೇಕಾದ ಸಂದರ್ಭ ಬಂದರೆ ಮೊದಲು ಗೊಂಬೆಗೆ ಹಾಕಿಸಿ, ಕನ್ನಡಿ ಮುಂದೆ ನೀವೂ ಹಾಕಿಕೊಳ್ಳಿ. ಚಿಕ್ಕವರಿಗೆ ಕಷ್ಟವಾಗುವುದು ಎದುರಿನವರ ಬಾಯಿ ಕಾಣದೇ ಇರುವುದು. ಕಣ್ಣು ನೋಡಿ ನಗುತ್ತಿದ್ದಾರಾ ಹೇಳು ಅಂತ ಆಟ ಆಡಿಸಿ.

ಟೀವಿ, ಫೋನ್ ಪೂರ್ತಿ ಬಂದ್ ಮಾಡಬೇಕಾ?

ಸುದ್ದಿ ಮಾತ್ರ ಬಂದ್ ಮಾಡಿ. ಒಂದೇ ಆಂಬುಲೆನ್ಸ್ ದೃಶ್ಯವನ್ನು ಹತ್ತು ಸಲ ತೋರಿಸಿದರೆ ಪುಟ್ಟ ಮಗುವಿಗೆ ಅದು ಹತ್ತು ಆಂಬುಲೆನ್ಸ್. ಮರುಪ್ರಸಾರ ಅನ್ನುವುದು ಅವರಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಕೆಳಗೆ ಓಡುವ ಅಂಕಿ, ಹಿಂದೆ ಡಬ ಡಬ ಸಂಗೀತ ಬೇರೆ. ಮಗು ಆಡುತ್ತಿದೆ, ಇತ್ತ ಗಮನ ಇಲ್ಲ ಅಂತ ಅಂದುಕೊಳ್ಳಬೇಡಿ. ನೀವು ಫೋನಿನಲ್ಲಿ ಯಾರ ಜೊತೆಗೋ ಎಷ್ಟು ಜನ ಹೋದರು ಅಂತ ಮಾತಾಡುವಾಗಲೂ ಅಷ್ಟೇ.

ಮನೆಯಲ್ಲೇ ಒಬ್ಬರಿಗೆ ಬಂದು ಬೇರೆ ಕೋಣೆಯಲ್ಲಿ ಇರಬೇಕಾಗಿ ಬಂದರೆ?

ಮುಚ್ಚಿದ ಬಾಗಿಲು ಮಗುವಿಗೆ ಕೋಪದ ಹಾಗೆ ಕಾಣುತ್ತದೆ. ಅದನ್ನೇ ಮೊದಲು ಸರಿಮಾಡಿ. "ಅಮ್ಮನಿಗೆ ನಿನ್ನ ಮೇಲೆ ಕೋಪ ಇಲ್ಲ. ಕೆಮ್ಮು ನಿಂಗೆ ಬರಬಾರದು ಅಂತ ಬಾಗಿಲು ಹಾಕ್ಕೊಂಡಿದ್ದಾಳೆ. ಒಳಗೆ ಏನು ಮಾಡ್ತಿದ್ದಾಳೆ ಗೊತ್ತಾ?" ಅಂತ ಹೇಳಿ ಫೋನಿನಲ್ಲಿ ಕೋಣೆ ತೋರಿಸಿ. ಮಂಚ, ಕಿಟಕಿ, ನೀರಿನ ಬಾಟಲಿ, ಅಷ್ಟು ಕಂಡರೂ ಕಲ್ಪನೆ ತಣ್ಣಗಾಗುತ್ತದೆ. ದಿನಾ ಒಂದೇ ಹೊತ್ತಿಗೆ ಮಾತಾಡಿಸಿ. ಬಾಗಿಲ ಕೆಳಗಿನಿಂದ ಚಿತ್ರ ತಳ್ಳುವುದು, ಆಚೆಯಿಂದ ಮೂರು ಸಲ ತಟ್ಟಿದರೆ ಈಚೆಯಿಂದ ಮೂರು ಸಲ ತಟ್ಟುವುದು, ಇಂಥವು ದೊಡ್ಡವರಿಗೂ ಬೇಕಾಗುತ್ತವೆ.

ಎಷ್ಟು ದಿನ ಅಂತ ಕೇಳಿದರೆ ಖಚಿತ ತಾರೀಖು ಕೊಡಬೇಡಿ. "ಡಾಕ್ಟರ್ ಹೇಳಿದ ಮೇಲೆ" ಅನ್ನಿ. ದಿನಕ್ಕೊಂದು ಕಾಗದದ ಉಂಗುರ ಸೇರಿಸುತ್ತಾ ಸರಪಳಿ ಮಾಡಿ. ಇಷ್ಟು ದಿನ ಕಳೆದೆವು ಅಂತ ಉದ್ದವಾಗುತ್ತಾ ಹೋಗುವ ಸರಪಳಿ ಒಳ್ಳೆಯದು, ಕಡಿಮೆಯಾಗುತ್ತಾ ಹೋಗುವುದು ಬೇಡ. ಇನ್ನೆರಡು ದಿನ ಜಾಸ್ತಿ ಆದರೆ ಮೋಸ ಆದ ಹಾಗಾಗುತ್ತದೆ. 7-8 ವರ್ಷದವರಿಗೆ ಕ್ವಾರಂಟೈನ್ ಪದದ ಕಥೆ ಹೇಳಬಹುದು. ಪ್ಲೇಗ್ ಕಾಲದಲ್ಲಿ ಇಟಲಿಯ ವೆನಿಸ್ ಬಂದರಿಗೆ ಬಂದ ಹಡಗುಗಳು 40 ದಿನ ದೂರದಲ್ಲಿ ಲಂಗರು ಹಾಕಿ ಕಾಯಬೇಕಿತ್ತು. ಅವರ ಮಾತಿನಲ್ಲಿ ನಲವತ್ತಕ್ಕೆ ಇರುವ ಪದದಿಂದಲೇ ಈ ಹೆಸರು ಬಂದಿದ್ದು. ನಮ್ಮದು ಅಷ್ಟು ದಿನ ಅಲ್ವಲ್ಲ ಅಂತ ನನ್ನ ಮಗಳು ನಿಟ್ಟುಸಿರು ಬಿಟ್ಟಿದ್ದಳು.

ಮಗುವಿಗೇ ಬಂದರೆ?

ಈಗ ಮಾತು ಕಡಿಮೆ, ಮುಟ್ಟುವುದು ಜಾಸ್ತಿ. "ವೈರಸ್ ನಿನ್ನ ಮೈಯೊಳಗೆ ಬಂದಿದೆ. ನಿನ್ನ ಮೈ ಅದನ್ನು ಓಡಿಸೋಕೆ ಬಿಸಿಯಾಗಿದೆ" ಅನ್ನುವುದು ನಿಜವೂ ಹೌದು, ಧೈರ್ಯವೂ ಹೌದು. ಆಸ್ಪತ್ರೆಗೆ ಹೋಗಬೇಕಾದರೆ ಅಲ್ಲಿ ಏನೇನು ಆಗುತ್ತದೆ ಅಂತ ಮೊದಲೇ ಹೇಳಿ: ಮುಖ ಮುಚ್ಚಿಕೊಂಡ ಅಂಕಲ್ ಆಂಟಿ ಇರುತ್ತಾರೆ, ಬೆರಳಿಗೆ ಕ್ಲಿಪ್ ಹಾಕುತ್ತಾರೆ, ಅದು ಕಚ್ಚುವುದಿಲ್ಲ. ಮಗುವಿನ ಹಳೇ ಹೊದಿಕೆಯೋ ಗೊಂಬೆಯೋ ಜೊತೆಗಿರಲಿ.

ಮಾತು ಪಕ್ಕಕ್ಕಿಟ್ಟು ಕೂಡಲೇ ಡಾಕ್ಟರ್ ಹತ್ತಿರ ಓಡಬೇಕಾದ ಲಕ್ಷಣಗಳಿವೆ. ಉಸಿರು ತುಂಬಾ ವೇಗವಾಗುವುದು, ಉಸಿರಾಡುವಾಗ ಪಕ್ಕೆ ಒಳಗೆ ಹೋಗುವುದು, ತುಟಿ ನೀಲಿಯಾಗುವುದು, ಏನೂ ಕುಡಿಯದಿರುವುದು, ಅನೇಕ ಗಂಟೆಯಿಂದ ಮೂತ್ರ ಮಾಡದಿರುವುದು, ಫಿಟ್ಸ್, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿರುವುದು. 3 ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರವಿದ್ದರೆ ಕಾದು ನೋಡುವ ಮಾತೇ ಇಲ್ಲ.

ಚುಚ್ಚುಮದ್ದು ನೋವಾಗಲ್ಲ ಅಂತ ಹೇಳಬಹುದಾ?

ಬೇಡ. "ಚುರ್ ಅನ್ನುತ್ತೆ, ಐದು ಎಣಿಸೋ ಅಷ್ಟರಲ್ಲಿ ಮುಗಿಯುತ್ತೆ" ಅನ್ನಿ. ಮಗುವನ್ನು ಮಲಗಿಸಿ ಅದುಮಿ ಹಿಡಿಯುವುದಕ್ಕಿಂತ ತೊಡೆ ಮೇಲೆ ನೇರವಾಗಿ ಕೂರಿಸಿ ಅಪ್ಪಿಕೊಂಡರೆ ಹೆದರಿಕೆ ಕಡಿಮೆ. ಅಳಲು ಬಿಡಿ. ಇನ್ನೊಂದು ವಿಷಯ, "ಊಟ ಮಾಡದಿದ್ರೆ ಸೂಜಿ ಹಾಕಿಸ್ತೀನಿ" ಅಂತ ವರ್ಷಗಟ್ಟಲೆ ಬೆದರಿಸಿದ ಮೇಲೆ ಲಸಿಕೆ ದಿನ ಮಗು ನಗುನಗುತ್ತಾ ಬರಲಿ ಅಂದರೆ ಹೇಗೆ?

ಲಸಿಕೆ ಅಂದರೆ ಮೈಗೆ ಒಂದು ತಾಲೀಮು. ನಿಜವಾದ ವೈರಸ್ ಬಂದಾಗ ಗುರುತು ಹಿಡಿಯಲು ಮೊದಲೇ ತೋರಿಸಿಕೊಡುವುದು. ಕಥೆ ಬೇಕು ಅನ್ನುವವರಿಗೆ ಸಿಡುಬಿನದು ಹೇಳಿ. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಎಂಬ ಡಾಕ್ಟರ್, ಹಸುವಿನ ಸಿಡುಬು ತಗುಲಿದ್ದ ಹಾಲು ಕರೆಯುವ ಹೆಣ್ಣುಮಗಳ ಕೈಯ ಗುಳ್ಳೆಯಿಂದ ಕೀವು ತೆಗೆದು ಜೇಮ್ಸ್ ಫಿಪ್ಸ್ ಎಂಬ 8 ವರ್ಷದ ಹುಡುಗನಿಗೆ ಹಾಕಿದರು. ಆಮೇಲೆ ಅವನಿಗೆ ಸಿಡುಬು ತಗುಲಲಿಲ್ಲ. (ಇವತ್ತು ಹಾಗೆಲ್ಲ ಮಗುವಿನ ಮೇಲೆ ಪ್ರಯೋಗ ಮಾಡಲು ಯಾರೂ ಬಿಡುವುದಿಲ್ಲ, ಅದನ್ನೂ ಸೇರಿಸಿ ಹೇಳಿ.) 1980ರಲ್ಲಿ ಸಿಡುಬು ಭೂಮಿಯಿಂದಲೇ ಹೋಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. "ಪೂರ್ತಿ ಹೋಯ್ತಾ?" ಅಂತ ಕಣ್ಣರಳಿಸುತ್ತಾರೆ. ಪೂರ್ತಿ.

ಮಗು ಗೊಂಬೆಗೆ ಕಾಯಿಲೆ ಬರಿಸಿ ಸಾಯಿಸುವ ಆಟ ಆಡುತ್ತಿದೆ. ಏನಾದರೂ ತೊಂದರೆಯಾ?

ಇಲ್ಲ. ದೊಡ್ಡವರು ಮಾತಾಡಿ ಹಗುರಾಗುವುದನ್ನು ಅವರು ಆಡಿ ಆಗುತ್ತಾರೆ. ಬಿಡಿ, ಕರೆದರೆ ಸೇರಿಕೊಳ್ಳಿ. ಪ್ರತಿ ಸಲ ಅದೇ ಆಟ, ಅದೇ ಕೊನೆ, ಆಡಿದ ಮೇಲೆ ಮುಖ ಇನ್ನಷ್ಟು ಸಪ್ಪೆ ಅಂತಾದರೆ ಮೆಲ್ಲಗೆ ಒಂದು ಪಾತ್ರ ಸೇರಿಸಿ. "ಈ ಗೊಂಬೆಗೆ ನರ್ಸ್ ಬಂದರು ಅನ್ನೋಣ್ವಾ?"

ಶಾಲೆಯಲ್ಲಿ ಒಬ್ಬ ಹುಡುಗನನ್ನು "ರೋಗದವನು" ಅಂತ ದೂರ ಇಟ್ಟಿದ್ದಾರಂತೆ. ನನ್ನ ಮಗನೂ ಸೇರಿಕೊಂಡಿದ್ದಾನೆ.

ಬೈಯುವ ಮೊದಲು ಒಂದು ಕ್ಷಣ ಯೋಚಿಸಿ: ಮನೆಯಲ್ಲಿ ನಾವು ಯಾರನ್ನಾದರೂ ಹಾಗೆ ಕರೆದಿದ್ದೇವಾ? ಯಾವುದೋ ದೇಶ, ಯಾವುದೋ ಜನ, ಎದುರು ಮನೆಯವರು? ಮಕ್ಕಳು ಅದನ್ನು ಅಲ್ಲಿಂದಲೇ ಎತ್ತಿಕೊಳ್ಳುವುದು ಜಾಸ್ತಿ.

ರೋಗಕ್ಕೆ ಜನರ ಹೆಸರು ಅಂಟಿದರೆ ಏನಾಗುತ್ತದೆ ಅನ್ನುವುದಕ್ಕೆ ಹಳೆಯ ಉದಾಹರಣೆ 1918ರ "ಸ್ಪ್ಯಾನಿಷ್ ಫ್ಲೂ". ಅದು ಸ್ಪೇನಿನಲ್ಲಿ ಹುಟ್ಟಿತು ಅನ್ನಲು ಆಧಾರ ಇಲ್ಲ. ಆಗ ಮೊದಲ ಮಹಾಯುದ್ಧ. ಹೋರಾಡುತ್ತಿದ್ದ ದೇಶಗಳು ಸುದ್ದಿಗೆ ಕತ್ತರಿ ಹಾಕಿದ್ದವು. ಯುದ್ಧದಲ್ಲಿ ಇಲ್ಲದ ಸ್ಪೇನಿನ ಪತ್ರಿಕೆಗಳು ಇದ್ದದ್ದನ್ನು ಇದ್ದ ಹಾಗೆ ಬರೆದವು. ನಿಜ ಹೇಳಿದವರ ತಲೆಗೆ ಹೆಸರು ಕಟ್ಟಿತು! 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ರೋಗಗಳಿಗೆ ಊರು, ಜನ, ಪ್ರಾಣಿಗಳ ಹೆಸರಿಡಬೇಡಿ ಅಂತ ಹೇಳಿತು. 2022ರಲ್ಲಿ ಮಂಕಿಪಾಕ್ಸ್ ಎಂಪಾಕ್ಸ್ ಆದದ್ದೂ ಇದೇ ಕಾರಣಕ್ಕೆ.

ಮಗನಿಗೆ ಮಾತ್ರ ಚಿಕ್ಕದಾಗಿ ಹೇಳಿ. "ವೈರಸ್‌ಗೆ ಯಾರು ಯಾರು ಅಂತ ಗೊತ್ತಾಗಲ್ಲ. ಅವನಿಗೆ ಬಂದಿದ್ದು ಅವನ ತಪ್ಪಲ್ಲ. ಈಗ ಹುಷಾರಾಗಿದ್ದಾನೆ." ಆಮೇಲೆ ಆ ಹುಡುಗನಿಗೆ ಒಂದು ಚಿತ್ರ ಬಿಡಿಸಿ ಕೊಡಲು ಹೇಳಿ. ಕ್ಷಮೆ ಕೇಳು ಅಂತ ಎಲ್ಲರ ಎದುರು ನಿಲ್ಲಿಸಬೇಡಿ.

ಹತ್ತಿರದವರು ತೀರಿಕೊಂಡರೆ ಹೇಗೆ ಹೇಳುವುದು?

"ಸತ್ತುಹೋದರು" ಅನ್ನುವ ಪದವನ್ನೇ ಬಳಸಿ. ನಮ್ಮ ಬಾಯಿಗೆ ಕಷ್ಟ, ಗೊತ್ತು. "ಮಲಗಿದ್ದಾರೆ" ಅಂದರೆ ಮಗು ನಿದ್ದೆಗೆ ಹೆದರುತ್ತದೆ. "ದೂರ ಹೋಗಿದ್ದಾರೆ" ಅಂದರೆ ಬಾಗಿಲ ಹತ್ತಿರ ಕಾಯುತ್ತದೆ. "ಹುಷಾರಿರಲಿಲ್ಲ, ಅದಕ್ಕೆ ಹೋದರು" ಅಷ್ಟೇ ಅಂದರೆ ಮುಂದಿನ ನೆಗಡಿಗೂ ನಡುಗುತ್ತದೆ. "ಅಜ್ಜನ ಮೈ ಕೆಲಸ ಮಾಡೋದು ನಿಂತುಹೋಯ್ತು. ಉಸಿರಾಡಲ್ಲ, ನೋವೂ ಆಗಲ್ಲ. ಮತ್ತೆ ವಾಪಸ್ ಬರಲ್ಲ. ಇದು ತುಂಬಾ ಜೋರಾದ ಕಾಯಿಲೆ, ನಿನ್ನ ನೆಗಡಿ ಥರ ಅಲ್ಲ."

ಸಾವು ಹಿಂದಿರುಗದ್ದು ಅನ್ನುವುದು ಹೆಚ್ಚಿನ ಮಕ್ಕಳಿಗೆ 5ರಿಂದ 7 ವರ್ಷದ ನಡುವೆ ಅರ್ಥವಾಗುತ್ತದೆ. ಅಲ್ಲಿಯವರೆಗೆ "ನಾಳೆ ಬರ್ತಾರಾ?" ಅಂತ ಮತ್ತೆ ಮತ್ತೆ ಕೇಳುತ್ತಾರೆ. ಮತ್ತೆ ಮತ್ತೆ ಅದೇ ಉತ್ತರ ಕೊಡಬೇಕು. ಅಳುತ್ತಿದ್ದ ಮಗು ಐದು ನಿಮಿಷಕ್ಕೆ ಆಟಕ್ಕೆ ಓಡಿದರೆ ಕಲ್ಲು ಮನಸ್ಸು ಅಂತಲ್ಲ, ಅವರಿಗೆ ದುಃಖವನ್ನು ಒಂದೇ ಸಲ ಹೊರಲು ಆಗುವುದಿಲ್ಲ. ನೀವು ಅಳುವುದನ್ನು ಮಗು ನೋಡಿದರೂ ಪರವಾಗಿಲ್ಲ. ಯಾಕೆ ಅಳುತ್ತಿದ್ದೀರಿ ಅಂತ ಹೇಳಿದರೆ ಸಾಕು.

ನನಗೇ ಭಯ ಆಗುತ್ತಿದೆ. ಮಗುವಿಗೆ ಧೈರ್ಯ ಹೇಳುವುದು ಹೇಗೆ?

ಭಯ ಇಲ್ಲದವರ ಹಾಗೆ ನಟಿಸಬೇಡಿ, ಸಿಕ್ಕಿಬೀಳುತ್ತೀರಿ. "ನಂಗೂ ಸ್ವಲ್ಪ ಚಿಂತೆ ಆಗಿದೆ. ಅದಕ್ಕೇ ಡಾಕ್ಟರ್ ಹತ್ರ ಕೇಳಿದೆ, ಔಷಧಿ ತಂದಿಟ್ಟಿದ್ದೀನಿ" ಅನ್ನಿ. ಭಯ ಮತ್ತು ಅದಕ್ಕೆ ಮಾಡಿದ ಕೆಲಸ, ಎರಡೂ ಒಟ್ಟಿಗೆ. ಪೂರ್ತಿ ಕಂಗೆಟ್ಟಿದ್ದರೆ ಮೊದಲು ಇನ್ನೊಬ್ಬ ದೊಡ್ಡವರ ಹತ್ತಿರ ಹೇಳಿಕೊಳ್ಳಿ. ಮಗುವಿನ ಜೊತೆ ಮಾತು ಸಂಜೆಗೆ ಆಗಲಿ. ಗೊತ್ತಿಲ್ಲದ ಪ್ರಶ್ನೆಗೆ "ಗೊತ್ತಿಲ್ಲ, ಕೇಳಿ ಹೇಳ್ತೀನಿ" ಅನ್ನುವುದು ಪೂರ್ಣ ಉತ್ತರವೇ.

ಆಗಲೇ ಏನೋ ಸುಳ್ಳು ಹೇಳಿಬಿಟ್ಟಿದ್ದರೆ ತಿದ್ದಿ. "ಮೊನ್ನೆ ನಾನು ತಪ್ಪು ಹೇಳಿದ್ದೆ" ಅಂತ ಶುರು ಮಾಡಿದರೆ ಆಯಿತು.

ಹಾಸಿಗೆ ಒದ್ದೆ ಮಾಡುವುದು, ಅಂಟಿಕೊಂಡೇ ಇರುವುದು, ಸುಮ್ಮಸುಮ್ಮನೆ ಹೊಟ್ಟೆನೋವು. ಇದೆಲ್ಲ ಭಯದಿಂದಲೇ?

ಆಗಿರಬಹುದು. ಬಿಟ್ಟುಹೋದ ಅಭ್ಯಾಸಗಳು ಹಿಂದೆ ಬರುವುದು ಸಾಮಾನ್ಯ. ಬೈಯಬೇಡಿ, ನಗಬೇಡಿ, ಸ್ವಲ್ಪ ದಿನ ಮಗು ತನ್ನ ವಯಸ್ಸಿಗಿಂತ ಚಿಕ್ಕದಾಗಿರಲು ಬಿಡಿ. ಎರಡು ವಾರ ದಾಟಿದರೂ ನಿದ್ದೆ, ಊಟ, ಆಟ ಸರಿಹೋಗದಿದ್ದರೆ, ಕೈ ಚರ್ಮ ಒಡೆಯುವಷ್ಟು ಸಲ ತೊಳೆಯುತ್ತಿದ್ದರೆ, ಸಾಯುವ ಮಾತೇ ಆಡುತ್ತಿದ್ದರೆ ಮಕ್ಕಳ ಡಾಕ್ಟರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ಹೊಟ್ಟೆನೋವು ನಿಜವಾದ ಹೊಟ್ಟೆನೋವೇ ಇರಬಹುದು, ಅದನ್ನೂ ತೋರಿಸಿ.

ರೋಗ ಕಡಿಮೆಯಾಯಿತು. ಆದರೂ ಮಗು ಹೊರಗೆ ಬರಲು ಒಲ್ಲೆ ಅನ್ನುತ್ತದೆ.

ನ್ಯಾಯವೇ ಅಲ್ವಾ? ತಿಂಗಳುಗಟ್ಟಲೆ ಹೊರಗೆ ಅಪಾಯ ಅಂದಿದ್ದು ನಾವೇ. ಕೋವಿಡ್ ಜಾಗತಿಕ ತುರ್ತುಸ್ಥಿತಿ ಮುಗಿಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಹೇಳಿತು. ಅದು ಶುರುವಾದಾಗ ಹುಟ್ಟಿದ ಕೂಸಿಗೆ ಅಷ್ಟರಲ್ಲಿ 3 ವರ್ಷ ದಾಟಿತ್ತು. ಅದಕ್ಕೆ ಬೇರೆ ಲೋಕವೇ ಗೊತ್ತಿಲ್ಲ.

ಏನು ಬದಲಾಯಿತು ಅಂತ ಬಿಡಿಸಿ ಹೇಳಿ. "ಮೊದಲು ತುಂಬಾ ಜನಕ್ಕೆ ಇತ್ತು, ಈಗ ಸ್ವಲ್ಪ ಜನಕ್ಕೆ. ಲಸಿಕೆಯೂ ಬಂದಿದೆ. ಅದಕ್ಕೆ ಈಗ ಹೋಗಬಹುದು." ಮೊದಲ ದಿನ ಬಾಗಿಲವರೆಗೆ, ಆಮೇಲೆ ಬೀದಿ ತುದಿಯವರೆಗೆ, ಆಮೇಲೆ ಒಬ್ಬ ಗೆಳೆಯನ ಜೊತೆ ಅರ್ಧ ಗಂಟೆ. ವಾಪಸ್ ಹೋಗೋಣ ಅಂದರೆ ವಾಪಸ್ ಬನ್ನಿ, ನಾಳೆ ಮತ್ತೆ ಹೊರಡಿ. ನನ್ನ ಮಗಳು ಮೊದಲ ಸಲ ಗೆಳತಿಯನ್ನು ಭೇಟಿಯಾದಾಗ ಇಬ್ಬರೂ ಹತ್ತು ನಿಮಿಷ ಮಾತಿಲ್ಲದೆ ದೂರ ದೂರ ನಿಂತಿದ್ದರು. ಆಮೇಲೆ ಒಬ್ಬಳು ಓಡಿದಳು, ಇನ್ನೊಬ್ಬಳು ಹಿಂದೆಯೇ ಓಡಿದಳು.